ಹೊತ್ತು ಮುಳುಗುವ ಮುಂಚಿನ ಊಟ

ಶ್ರೀಪಾಲ ಹತ್ತೊಂಬತ್ತನೇ ವಯಸ್ಸಿಗೆ ಶಹಾಪುರದ ಪಾತ್ರೆ ಅಂಗಡಿಯ ಗಾದಿ ಹತ್ತಿದವನು, ಮೂವತ್ತು ವರ್ಷ ಕೆಳಗಿಳಿಯಲಿಲ್ಲ. ಕೊನೆಗೆ ಇಳಿಸಿದವನು ಗೆಳೆಯ ಸೋಮಲಿಂಗ. ನೆಹರು ನಗರದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ ಸೋಮಲಿಂಗನಿಗೆ ವಾರವಿಡೀ ಮುರಿದ ಎಲುಬು ನೋಡಿ ಬೇಸತ್ತು, ರವಿವಾರ ಬಂದರೆ ಸೈಕಲ್ಲಿನ ಹುಚ್ಚು. ಮುಂದಿನ ತಿರುವಿನ ಆಚೆ ಏನಿದೆ ನೋಡೋಣ ಎನ್ನುವುದೇ ಅವನ ಕಾರಣ. ಆಚೆ ಇರುತ್ತಿದ್ದುದು ಇನ್ನೊಂದು ತಿರುವು, ಅದಕ್ಕೂ ಹಿಗ್ಗುತ್ತಿದ್ದ. ಐವತ್ತರ ಆಸುಪಾಸಿನ ಇಬ್ಬರು ಗಂಡಸರು ಬಿಗಿ ಚಡ್ಡಿ ತೊಟ್ಟು ಬೆಳ್ಳಂಬೆಳಿಗ್ಗೆ ಹೊರಟರೆ ಓಣಿಯ ಮಂದಿ ನಗದೆ ಇರುತ್ತಾರೆಯೇ? ಶ್ರೀಪಾಲ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾವ ದಾರಿ ಹಿಡಿಯಬೇಕೆಂದು ಬದುಕಿನಲ್ಲಿ ಅವನೇ ಗೊತ್ತುಮಾಡಿದ್ದು ಆ ಸೈಕಲ್ಲಿನ ಮೇಲೆ ಮಾತ್ರ.

ಅವರ ತಿರುಗಾಟಕ್ಕೆ ಒಂದೇ ಕಟ್ಟುಪಾಡು. ಶ್ರೀಪಾಲ ಜೈನ, ಹೊತ್ತು ಮುಳುಗಿದ ಮೇಲೆ ಅಗುಳು ಮುಟ್ಟುವವನಲ್ಲ. ಲಿಂಗಾಯತರ ಸೋಮಲಿಂಗನಿಗೆ ಆ ನೇಮವಿರದಿದ್ದರೂ ಗಡಿಯಾರ ನೋಡಿ ಸೈಕಲ್ ತಿರುಗಿಸುತ್ತಿದ್ದವನು ಅವನೇ.

ಹೋದ ವರ್ಷ ಜನವರಿಯಲ್ಲಿ ಇಬ್ಬರೂ ಕಣಕುಂಬಿಗೆ ಹೋದರು. ಮರಳುವಾಗ ಖಾನಾಪುರದಲ್ಲಿ ಶ್ರೀಪಾಲನ ಅಕ್ಕ ಹೀರಾಬಾಯಿಯ ಮನೆಯಲ್ಲಿ ಊಟ, ರಾತ್ರಿ ವಸ್ತಿ ಎಂದು ಮಾತಾಗಿತ್ತು. ಊರು ಐದು ಕಿಲೋಮೀಟರ್ ಇರುವಾಗ ಸೋಮಲಿಂಗನ ಸೈಕಲ್ ಪಂಕ್ಚರಾಯಿತು. ಹೊತ್ತು ಇಳಿದಿತ್ತು. ನೀನು ಮುಂದೆ ನಡೆ, ಟ್ಯೂಬ್ ಬದಲಿಸಿ ಬರುತ್ತೇನೆ ಎಂದ. ಅವನ ಸೈಕಲ್ಲಿನ ಹಿಂದಿನ ಕೆಂಪು ದೀಪ ಕೆಟ್ಟಿತ್ತು. ತನ್ನದನ್ನು ಬಿಚ್ಚಿ ಕೊಡಬೇಕೆಂದು ಶ್ರೀಪಾಲನಿಗೆ ಹೊಳೆಯಲೇ ಇಲ್ಲ, ತಲೆಯಲ್ಲಿದ್ದುದು ಊಟ.

ಅಕ್ಕ ಬಡಿಸಿದ ಎರಡು ರೊಟ್ಟಿ ಉಂಡು ಕೈ ತೊಳೆಯುವಾಗ ಇನ್ನೂ ಬೆಳಕಿತ್ತು. ಅರ್ಧ ತಾಸು ಕಾದು ಹಿಂದಕ್ಕೆ ಹೋದರೆ ರಸ್ತೆಯಲ್ಲಿ ಮಂದಿ ಸೇರಿದ್ದರು. ಮರಳಿನ ಟಿಪ್ಪರೊಂದು ಸೋಮಲಿಂಗನ ಮೇಲೆ ಹಾಯ್ದು ಹೋಗಿತ್ತು. ಆಗಲೇ ಜೀವ ಹೋಗಿತ್ತು.

ಆಗ ನೀವೆಲ್ಲಿದ್ದಿರಿ ಎಂದು ಸೋಮಲಿಂಗನ ಹೆಂಡತಿ ದಾನೇಶ್ವರಿ ಕೇಳಿದಳು. ಬಾಜೂಕ್ಕೇ ಇದ್ದೆ, ನನ್ನ ತೊಡೆಯ ಮೇಲೆ ತಲೆ ಇಟ್ಟುಕೊಂಡೇ ಜೀವ ಬಿಟ್ಟ ಎಂದು ಶ್ರೀಪಾಲ ಹೇಳಿಬಿಟ್ಟ. ಅದು ಹೇಡಿತನ, ಅದಕ್ಕೆ ಬೇರೆ ಹೆಸರಿಲ್ಲ.

ಆಮೇಲೆ ಪ್ರತಿ ರವಿವಾರ ಒಬ್ಬನೇ ಆ ಜಾಗಕ್ಕೆ ಸೈಕಲ್ ತುಳಿಯತೊಡಗಿದ. ಸೈಕಲ್ ಸಂಘದವರು ಶಾಲು ಹೊದಿಸಿ, ಈ ವಯಸ್ಸಿನಲ್ಲಿ ಇಷ್ಟು ಉಮೇದಿ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಗಾಳಿ, ಗಿಡ, ಆರೋಗ್ಯ ಎಂದು ಏನೋ ಹೇಳಿ ಕುಳಿತ. ರವಿವಾರ ಮನೆಯಲ್ಲಿದ್ದರೆ ಉಸಿರು ಕಟ್ಟುತ್ತದೆಂದು ಹೇಳುವುದಾದರೂ ಹೇಗೆ? ಮರಳುವಾಗ ದಾನೇಶ್ವರಿಯ ಮನೆಗೆ ಹೋಗುತ್ತಿದ್ದ. ಅವಳು ಚಹಾ ಕೊಟ್ಟು ಆ ಸಂಜೆಯದನ್ನೇ ಮತ್ತೆ ಕೇಳುತ್ತಿದ್ದಳು. ಖರೇ ಹೇಳಿದರೆ ಆ ಬಾಗಿಲು ಮುಚ್ಚುತ್ತದೆ; ಸೋಮಲಿಂಗನದೆಂದು ಅವನಿಗೆ ಉಳಿದಿದ್ದು ಆ ಮನೆಯೊಂದೇ. ಹೀಗೆ ಸುಳ್ಳು ಬೆಳೆಯುತ್ತ ಹೋಯಿತು.

ವರ್ಷ ತುಂಬಿದ ದಿನ ದಾನೇಶ್ವರಿ ಆ ಜಾಗ ನೋಡಬೇಕೆಂದಳು. ಖಾನಾಪುರದವರೆಗೆ ಬಸ್ಸು, ಅಲ್ಲಿಂದ ಆಟೋ. ಇಳಿದು ರಸ್ತೆಯ ಎರಡೂ ಬದಿ ನೋಡಿದಳು.

“ತಲಿ ತೊಡಿ ಮ್ಯಾಲ ಇಟಗೊಂಡು ಎಲ್ಲಿ ಕುಂತಿದ್ರಿ, ಅಣ್ಣಾರ? ತೋರಿಸ್ರಿ.”

ಶ್ರೀಪಾಲನ ಕೈ ಮೇಲೇಳಲಿಲ್ಲ.

“ನಾ ಇರಲಿಲ್ಲ, ವೈನಿ. ಅಕ್ಕನ ಮನ್ಯಾಗ ಉಣ್ಣಾಕತ್ತಿದ್ದೆ.”

ದಾನೇಶ್ವರಿ ಅಳಲಿಲ್ಲ.

“ಗೊತ್ತೈತ್ರಿ. ಟ್ಯೂಬ್ ಹಾಕ್ಕೋತ ನನಗ ಫೋನ್ ಮಾಡಿದ್ರು. ಶ್ರೀಪಾಲ ಉಪವಾಸ ಮಲಗಬಾರದು, ಅದಕ್ಕ ಮುಂದ ಕಳಿಸೇನಿ ಅಂದ್ರು.”

ಹಾಗಾದರೆ ಇಷ್ಟು ದಿನ ಯಾಕೆ ಕೇಳುತ್ತಿದ್ದಿರಿ ಎಂದು ಅವನು ತಡವರಿಸಿದ.

“ಇವತ್ತರ ಖರೇ ಹೇಳ್ತೀರೇನೋ ಅಂತ. ಉಂಡಿದ್ದು ತಪ್ಪಲ್ರಿ, ಕಳಿಸಿದವ್ರು ಅವ್ರ. ಆದ್ರ ಅವ್ರು ಇಲ್ಲಿ ಒಬ್ರ ಬಿದ್ದು ಸತ್ರು. ಅದನ್ನ ವರ್ಷಪೂರ್ತಿ ನಾ ಒಬ್ಬಾಕೀನ ಹೊತ್ತೆ. ನೀವೂ ಹೊರಬೇಕಿತ್ತು. ಇನ್ನ ಮನಿಗಿ ಬರಬ್ಯಾಡ್ರಿ.”

ಆಟೋ ಹತ್ತಿ, ಖಾನಾಪುರಕ್ಕೆ ನಡೆ ಎಂದು ಆಟೋದವನಿಗೆ ಹೇಳಿದಳು. ಶ್ರೀಪಾಲನನ್ನು ಕರೆಯಲಿಲ್ಲ.