ತಂಗಿಯ ಅಡುಗೆಮನೆಯ ಹೊಗೆಗೂಡು

ನಾವಿಬ್ಬರು ಅಕ್ಕತಂಗಿಯರು ಹುಟ್ಟಿದ್ದು ಗುಬ್ಬಿಯಲ್ಲಿ. ಇಬ್ಬರೂ ಹೋಟೆಲಿನವರ ಮನೆಗೇ ಸೊಸೆಯರಾಗಿ ಹೋದೆವು. ನನ್ನನ್ನು ಕುಣಿಗಲ್ಲಿಗೆ ಕೊಟ್ಟರು, ಎರಡು ವರ್ಷದ ಮೇಲೆ ಅವಳನ್ನು ತುಮಕೂರಿಗೆ. ನಮ್ಮದು ಬಸ್ ಸ್ಟ್ಯಾಂಡಿನ ಎದುರು ಆರು ಮೇಜಿನ ಹೋಟೆಲು. ಯಡಿಯೂರಿಗೆ ಹೋಗುವ ಭಕ್ತರು, ಹುಲಿಯೂರುದುರ್ಗದ ಬಸ್ಸಿಗೆ ಕಾಯುವವರು ಬಂದು ಬೋಂಡ ತಿಂದು ಹೋಗುತ್ತಿದ್ದರು. ಅಡುಗೆಮನೆಯ ಹೊಗೆ ಹೋಗಲು ಇದ್ದದ್ದು ಒಂದೇ ಬೆಳಕಿಂಡಿ. ಹೆಂಚಿನ ಕೆಳಗೆ ಎಣ್ಣೆಜಿಡ್ಡು ಕಪ್ಪಗೆ ಜೋತುಬಿದ್ದಿರುತ್ತಿತ್ತು. ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ನನ್ನ ಕೂದಲಿನ ಕರಿದ ವಾಸನೆ ಹೋಗುತ್ತಿರಲಿಲ್ಲ.

ಒಂದು ಮದುವೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಊಟಕ್ಕೆ ಕೂತಿದ್ದೆವು. ಸೋದರತ್ತೆ ಎಲ್ಲರ ಮುಂದೆಯೇ ಅಂದರು: "ನಿನ್ ತಂಗಿ ಹೋಟ್ಲೋರ ಮನೇಲಿದ್ರೂ ಹಂಗೆ ಕಾಣಲ್ಲ ಬುಡು. ನಿನ್ ಪಕ್ಕ ಕೂತ್ರೆ ಬೋಂಡ ತಿಂದಂಗಾಗ್ತದೆ ಕಣೇ!"

ಸಾಲಿನವರೆಲ್ಲ ನಕ್ಕರು. ತಂಗಿಯೂ ನಕ್ಕಳು. ನಾನು ಪಾಯಸ ಮುಟ್ಟದೆ ಎಲೆ ಮಡಚಿದೆ.

ಅವಳ ಗುಟ್ಟು ಏನೆಂದು ಮುಂದಿನ ಸಲ ತುಮಕೂರಿಗೆ ಹೋದಾಗ ಕಂಡೆ. ಅವರ ಹೋಟೆಲಿನ ಡೀಸೆಲ್ ಒಲೆಗಳ ಮೇಲೆ ತಗಡಿನ ದೊಡ್ಡ ಗೂಡು ಕಟ್ಟಿಸಿದ್ದರು. ಅದರ ಹಿಂದೆ ಎಕ್ಸಾಸ್ಟ್ ಫ್ಯಾನು, ಒಳಗೆ ಒಂದಕ್ಕೊಂದು ಮಗ್ಗುಲಾಗಿ ನಿಲ್ಲಿಸಿದ ಬಾಗಿದ ತಗಡಿನ ಪಟ್ಟಿಗಳು. ತಂಗಿಯ ಗಂಡ ಹೆಮ್ಮೆಯಿಂದ ವಿವರಿಸಿದ. "ನೋಡಕ್ಕಾ, ಫ್ಯಾನು ಹೊಗೇನ ಎಳೀತದೆ. ಹೊಗೆ ಈ ಪಟ್ಟಿ ಸಂದೀಲಿ ಬಳುಕಿ ಬಳುಕಿ ಹೋಗ್ಬೇಕು. ಹೊಗೆಯೇನೋ ತಿರುಗ್ಕೊಂಡು ಹೋಗ್ತದೆ, ಎಣ್ಣೆಗೆ ಹಂಗೆ ತಿರುಗಕ್ಕಾಗಲ್ಲ. ತಗಡಿಗೆ ಬಡಿದು ಅಂಟ್ಕೊಂಡು, ಇಳಿದು ಈ ದೋಣೀಲಿ ನಿಲ್ತದೆ." ಕೆಳಗಿನ ಉದ್ದನೆಯ ತಟ್ಟೆಯಲ್ಲಿ ಜೇನಿನ ಬಣ್ಣದ ಎಣ್ಣೆ ನಿಂತಿತ್ತು. ಅಡುಗೆಮನೆಯ ಗೋಡೆ ಸುಣ್ಣ ಬಳಿದಂತೆಯೇ ಬೆಳ್ಳಗಿತ್ತು.

ಊರಿಗೆ ಬಂದು ನನ್ನ ಗಂಡನನ್ನು ಕೇಳಿದೆ. "ನಮ್ಮ ಸೂರು ಆ ಭಾರ ತಡೆಯಲ್ಲ" ಎಂದು ಒಂದೇ ಮಾತಲ್ಲಿ ಮುಗಿಸಿದರು. ಆವತ್ತಿಂದ ಒಲೆ ಮುಂದೆ ನಿಂತಾಗಲೆಲ್ಲ ನನಗೆ ಆ ಬೆಳ್ಳನೆ ಗೋಡೆಯೇ ಕಾಣುತ್ತಿತ್ತು. ನಮ್ಮಿಬ್ಬರಲ್ಲಿ ಅಡುಗೆ ಚೆನ್ನಾಗಿ ಬರುತ್ತಿದ್ದದ್ದು ನನಗೆ. ಬೆಳ್ಳನೆ ಗೋಡೆ ಸಿಕ್ಕಿದ್ದು ಅವಳಿಗೆ.

ಎಂಬತ್ತರ ದಶಕದ ಶುರುವಿನಲ್ಲಿ ತಂಗಿ ಎರಡನೇ ಹೆರಿಗೆಗೆ ಗುಬ್ಬಿಗೆ ಹೊರಟಳು. ಅಡುಗೆಮನೆಯ ಉಸ್ತುವಾರಿಗೆ ಒಂದು ತಿಂಗಳು ನಾನು ತುಮಕೂರಿನಲ್ಲಿರಬೇಕೆಂದು ಅಮ್ಮ ಹೇಳಿ ಕಳಿಸಿದರು. ಹೊರಡುವಾಗ ತಂಗಿ ನನ್ನ ಕೈ ಹಿಡಿದು ಹೇಳಿದ್ದು ಒಂದೇ ವಿಷಯ: "ಅಕ್ಕಾ, ಶನಿವಾರ ಶನಿವಾರ ಆ ಪಟ್ಟಿಗಳ್ನ ಬಿಚ್ಚಿ, ಸೋಡ ಹಾಕಿದ ಬಿಸಿನೀರಲ್ಲಿ ತೊಳ್ಸು. ಮರೀಬೇಡ ಕಣೇ."

ನಾನು ಮರೆಯಲಿಲ್ಲ. ಬೇಕೆಂದೇ ತೊಳೆಸಲಿಲ್ಲ. ಬೆಂಕಿಯ ಯೋಚನೆ ನನಗೆ ಬಂದಿರಲೇ ಇಲ್ಲ, ಅದು ಸತ್ಯ. ಆ ಗೂಡು ಕೆಡಬೇಕು, ಎಣ್ಣೆ ತೊಟ್ಟಿಕ್ಕಿ ಅವಳ ಗೋಡೆಯೂ ನನ್ನ ಗೋಡೆಯಂತಾಗಬೇಕು, ಅಷ್ಟೇ ಬೇಕಿತ್ತು. ಮೊದಲ ಶನಿವಾರ ಅಡುಗೆಯವನು ಬಂದು, "ಇವತ್ತು ಪಟ್ಟಿ ಇಳಿಸ್ಲಾ ಅಕ್ಕಾ?" ಎಂದು ಕೇಳಿದ. "ನಾನೇ ತೊಳೀತೀನಿ, ನೀನು ಹೋಗು" ಎಂದೆ. ಮುಂದಿನ ಎರಡು ಶನಿವಾರವೂ ಅದೇ ಉತ್ತರ ಕೊಟ್ಟೆ. ದಿನಕ್ಕೊಂದು ಸಲ ಗೂಡಿನೊಳಗೆ ಇಣುಕಿ, ಜಿಡ್ಡು ದಪ್ಪವಾಗುವುದನ್ನು ನೋಡಿ ಒಳಗೊಳಗೇ ಖುಷಿಪಟ್ಟೆ.

ಮೂರನೇ ವಾರ ಕಳೆದ ಮೇಲೆ, ಒಂದು ಸಂಜೆ ಬೋಂಡ ಕರಿಯುವ ಹೊತ್ತಿನಲ್ಲಿ ಒಲೆಯ ಉರಿ ಬಾಣಲೆಯನ್ನು ದಾಟಿ ಮೇಲೆ ಚಿಮ್ಮಿತು. ಫ್ಯಾನು ಅದನ್ನು ಒಳಕ್ಕೆಳೆಯಿತು. ಪಟ್ಟಿಗಳ ಮೇಲಿನ ಜಿಡ್ಡಿಗೆಲ್ಲ ಬೆಂಕಿ ಹತ್ತಿತು.

"ಫ್ಯಾನ್ ಆಫ್ ಮಾಡಕ್ಕಾ!" ಅಡುಗೆಯವನು ಕೂಗಿದ. ಸ್ವಿಚ್ಚು ನನ್ನ ಕೈಯಳತೆಯಲ್ಲೇ ಇತ್ತು. ಅದನ್ನು ಒತ್ತುವಷ್ಟರಲ್ಲಿ ಗೂಡಿನಿಂದ ಉರಿಯುವ ಎಣ್ಣೆ ಅವನ ಬಲ ಮುಂಗೈ ಮೇಲೆ ಸುರಿಯಿತು. ಆದರೂ ಅವನು ಒಲೆ ಆರಿಸಿ, ಬಾಣಲೆಗೆ ತಟ್ಟೆ ಮುಚ್ಚಿ, ಒದ್ದೆ ಗೋಣಿಚೀಲ ಬಡಿದು ಬೆಂಕಿಯನ್ನು ನಂದಿಸಿದ.

ತಂಗಿಯ ಗಂಡ ಗಲ್ಲಾ ಬಿಟ್ಟು ಓಡಿಬಂದ. "ಉರಿ ಜಾಸ್ತಿ ಮಾಡ್ಬೇಡ ಅಂತ ಎಷ್ಟು ಸಲ ಹೇಳಿದೀನಿ ನಿಂಗೆ! ಕಣ್ಣೆಲ್ಲಿ ಮಡಗಿದ್ದೆ?" ಎಂದು ಸುಟ್ಟ ಕೈ ಹಿಡಿದು ನಿಂತಿದ್ದ ಅವನಿಗೇ ಬೈದ. ಅಡುಗೆಯವನು ನನ್ನ ಮುಖ ನೋಡಿದ. "ಪಟ್ಟಿ ತೊಳ್ದಿದ್ರಲ್ವಾ ಅಕ್ಕಾ?"

"ಹೂಂ, ತೊಳ್ದಿದ್ದೆ" ಎಂದೆ.

ಅವನು ಮರುದಿನ ಕೈಗೆ ಬಟ್ಟೆ ಸುತ್ತಿಕೊಂಡು ಬಂದು, ಎಡಗೈಯಲ್ಲೇ ಇಡ್ಲಿಹಿಟ್ಟು ಹುಯ್ಯುತ್ತಿದ್ದ. ಅದನ್ನು ನೋಡುತ್ತಾ ನನಗೆ ನಿಲ್ಲಲಾಗಲಿಲ್ಲ. ಬಸ್ಸು ಹತ್ತಿ ಗುಬ್ಬಿಗೆ ಹೋದೆ.

ತಂಗಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಕೂಸನ್ನು ತೊಟ್ಟಿಲಿಗೆ ಹಾಕಿದಳು. "ನಿಂಗೆ ಹೊಟ್ಟೆಕಿಚ್ಚು ಅಂತ ಗೊತ್ತಿತ್ತು ಕಣಕ್ಕಾ. ಇಷ್ಟು ಅಂತ ಗೊತ್ತಿರ್ಲಿಲ್ಲ" ಅಂದಳು. "ನನ್ನತ್ರ ಯಾಕೆ ಅಳ್ತೀಯ? ಸುಟ್ಟಿದ್ದು ಅವನ ಕೈ. ವಾಪಸ್ ಹೋಗಿ ಅವನಿಗೂ ನಮ್ಮನೆಯವ್ರಿಗೂ ಒಟ್ಟಿಗೆ ಹೇಳು."

ಹೇಳಿದೆ. ತಂಗಿಯ ಗಂಡ ತಲೆತಗ್ಗಿಸಿ ಎದ್ದುಹೋದ. ಆಮೇಲೆ ಒಂದೂವರೆ ವರ್ಷ ನನ್ನನ್ನು ಮಾತಾಡಿಸಲಿಲ್ಲ. ಅಡುಗೆಯವನು, "ಕೈ ವಾಸಿಯಾಗ್ತದೆ ಬುಡಕ್ಕಾ. ಎಲ್ರೆದುರಿಗೆ ಬೈಸ್ಕೊಂಡಿದ್ದು ವಾಸಿಯಾಗಲ್ಲ" ಎಂದ. ತಿಂಗಳೊಳಗೆ ಆ ಕೆಲಸ ಬಿಟ್ಟು ಬೇರೆ ಹೋಟೆಲಿಗೆ ಸೇರಿದ. ಆ ಮೇಲೆ ಅವನನ್ನು ನಾನು ನೋಡಲಿಲ್ಲ.

ಕೆಲವು ವರ್ಷಗಳ ನಂತರ ನಮ್ಮ ಹೋಟೆಲಿಗೂ ತಾರಸಿ ಬಂತು, ಅಂಥದೇ ಗೂಡೂ ಬಂತು. ಅದರ ಪಟ್ಟಿಗಳನ್ನು ವಾರ ತಪ್ಪದೆ ನಾನೇ ಕೂತು ತೊಳೆದೆ, ಯಾರಿಗೂ ಬಿಡಲಿಲ್ಲ. ಇದರಿಂದ ಹೊಟ್ಟೆಕಿಚ್ಚು ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅಷ್ಟರಲ್ಲಿ ತಂಗಿ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಸ್ವಂತ ಮನೆ ಕಟ್ಟಿಸಿದ್ದಳು. ಗೃಹಪ್ರವೇಶದ ದಿನ ಅವಳು ಒಂದೊಂದೇ ಕೋಣೆ ತೋರಿಸುತ್ತಾ ಮುಂದೆ ಮುಂದೆ ಹೋದಳು. ನಾನು "ಚೆನ್ನಾಗಿದೆ, ಚೆನ್ನಾಗಿದೆ" ಎನ್ನುತ್ತಾ, ಹಲ್ಲು ಕಚ್ಚಿಕೊಂಡು ಅವಳ ಹಿಂದೆಯೇ ನಡೆದೆ.