ಮಕ್ತಲದ ಮಷೀನಿಗೆ ಮೊಮ್ಮಗಳು ಮಾಡಿದ ಜಾರುಮಣೆ

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆಯುವುದು ನಿಧಾನ. ಆದರೂ ಇದನ್ನು ಬರೆಯದೆ ಇರಲಾರೆ. ಕಂಡವರಿಗೆಲ್ಲ ಬಾಯಲ್ಲಿ ಹೇಳಿ ಹೇಳಿ, ಈಗ ನಾರಾಯಣಪೇಟೆಯಲ್ಲಿ ನನ್ನನ್ನು ನೋಡಿದರೆ ಜನ ರಸ್ತೆ ದಾಟಿ ಆ ಕಡೆಯಿಂದ ಹೋಗುತ್ತಾರೆ.

ನನ್ನ ಮೊಮ್ಮಗಳು ಮಕ್ತಲದ ಒಂದು ಕಟ್ಟಿಗೆ ಕೊಯ್ಯುವ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಾಳೆ. ಗದ್ವಾಲದ ನೇಕಾರರ ಮಗ್ಗಕ್ಕೆ ಬೇಕಾದ ತುಂಡುಗಳು ಅಲ್ಲಿ ತಯಾರಾಗುತ್ತವೆ. ಒಂದು ಕಬ್ಬಿಣದ ಮೇಜು, ಅದರ ನಡುವೆ ತಿರುಗುವ ಗರಗಸ. ಅದರ ಮುಂದೆ ಗಂಡಸರು. ಇವಳು ಮೂಲೆಯಲ್ಲಿ ಪಾಲಿಶ್ ಪೇಪರ್ ಹಿಡಿದು ಉಜ್ಜುವವಳು. ಬಡಿಗರ ಮನೆಯ ಹುಡುಗಿ, ಅವಳ ಕಣ್ಣೆಲ್ಲ ಮಷೀನಿನ ಮೇಲೆ.

ಮಾಲೀಕ ಕಟ್ಟಿಗೆಯನ್ನು ಬರಿಗೈಯಿಂದ ಗರಗಸಕ್ಕೆ ನೂಕುತ್ತಿದ್ದ. ಒಮ್ಮೆ ತುಂಡು ಸಿಡಿದು ಅವನ ಹೆಬ್ಬೆರಳಿನ ಉಗುರು ಹೋಯಿತು. ಮರುದಿನವೇ ಇವಳು ಕೇಳಿದಳಂತೆ.

"ಕಾಕಾ, ನಿಮ್ಮ ಮಷೀನಿಗೆ ಒಂದು ಜಾರುಮಣಿ ಮಾಡಿ ಕೊಡ್ಲೇನ್ರಿ? ಕಟ್ಟಿಗಿ ಅದರ ಮ್ಯಾಲ ಇಟ್ಟು ಮಣಿ ನೂಕಿದ್ರಾತು, ಕೈ ದೂರ ಇರ್ತಾವ."

"ಮಾಡು. ಮೂಲಿ ಕೂದಲಷ್ಟೂ ತಪ್ಪದಂಗ ಕೊಯ್ದ್ರ ಮಷೀನ್ ಮುಂದ ನಿಂದ್ರಾಕ ಬಿಡ್ತೀನಿ. ತಪ್ಪಿತಂದ್ರ ಮತ್ತ ಆ ಮಾತು ಎತ್ತಬಾರ್ದು ನೋಡು."

ಮೂರು ಸಂಜೆ ನಮ್ಮ ಅಂಗಳದಲ್ಲಿ ಕೆಲಸ ನಡೆಯಿತು. ಪ್ಲೈವುಡ್ಡಿನ ಮಣೆ, ಅದರ ಕೆಳಗೆ ಮೇಜಿನ ಉದ್ದಕ್ಕೂ ಕೊರೆದ ಕಚ್ಚುಗಳಲ್ಲಿ ಜಾರುವ ಎರಡು ಸಾಗುವಾನಿ ಪಟ್ಟಿ, ಹಿಂದೆ ಕಟ್ಟಿಗೆ ಒರಗಿಸಿಡಲು ಒಂದು ಹಲಗೆ. ಆ ಹಲಗೆ ಪಟ್ಟಿಗೆ ಸರಿಯಾಗಿ ಅಡ್ಡ ಕೂತರೆ ಮಾತ್ರ ಕೊಯ್ತ ನೇರ ಬರುತ್ತದೆ.

"ತಾತ, ಗುಣಿಯಾ ಕೊಡು," ಎಂದಳು.

ಗುಣಿಯಾ ಎಂದರೆ ಮೂಲೆ ನೋಡುವ ಕಬ್ಬಿಣದ ಮಟ್ಟ. ನನ್ನದು ನಮ್ಮಪ್ಪನ ಕಾಲದ್ದು. ಅಮಾವಾಸ್ಯೆಗೊಮ್ಮೆ ಎಣ್ಣೆ ಒರೆಸಿ ವಿಭೂತಿ ಹಚ್ಚುತ್ತೇವೆ. ಅದೇ ಸರಿ ಇದೆಯೋ ಇಲ್ಲವೋ ಎಂದು ನಮ್ಮ ಮನೆಯಲ್ಲಿ ಯಾರೂ ನೋಡಿದವರಲ್ಲ. ದೇವರ ಜಗಲಿಯ ಮೇಲೆ ಕೂರುವ ವಸ್ತುವನ್ನು ಪರೀಕ್ಷೆ ಮಾಡುವುದುಂಟೆ? ಅದನ್ನೇ ಹಿಡಿದು ಹಲಗೆ ಕೂರಿಸಿದಳು.

ಬೆಳಿಗ್ಗೆ ಮಣೆ ಹೊತ್ತು, ಗುಣಿಯಾ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆವು. ಇಳಿಯುವಷ್ಟರಲ್ಲಿ ಇದು ಯಾರ ಕೈಕೆಲಸವೆಂದು ಇಡೀ ಬಸ್ಸಿಗೆ ಗೊತ್ತಾಗಿತ್ತು.

ಮಾಲೀಕ ಒಂದು ಹಲಗೆ ಕೊಯ್ದ. ಒಂದು ತುಂಡನ್ನು ಮಗುಚಿ, ಕೊಯ್ದ ಅಂಚುಗಳನ್ನು ಕೂಡಿಸಿದ. ಒಂದು ತುದಿಯಲ್ಲಿ ಸಂದು.

"ಇದರಾಗ ಇರುವಿ ಸಂಸಾರ ಹೂಡ್ತಾವಲ್ಲವಾ," ಎಂದ. "ಹೋಗು, ನಿನ್ನ ಪೇಪರ್ ಕಾಯಾಕ ಹತ್ತೈತಿ."

ಅವಳು ವಾದ ಮಾಡಲಿಲ್ಲ. ಪಟ್ಟಿ ಅಲುಗಿಸಿ ನೋಡಿದಳು, ಸ್ಕ್ರೂಗಳನ್ನು ನೋಡಿದಳು. ಕೊನೆಗೆ ನೇರ ಅಂಚಿನ ಪ್ಲೈವುಡ್ಡಿನ ಮೇಲೆ ಗುಣಿಯಾ ಇಟ್ಟು ಒಂದು ಗೆರೆ ಎಳೆದಳು. ಗುಣಿಯಾವನ್ನೇ ಮಗುಚಿ, ಅದೇ ಚುಕ್ಕೆಯಿಂದ ಇನ್ನೊಂದು. ಎರಡೂ ಒಂದೇ ಆಗಬೇಕಿತ್ತು, ಮೇಲೆ ಹೋಗುತ್ತ ದೂರವಾದವು. ಅವಳು ನೋಡಿದಳು, ನಾನೂ ನೋಡಿದೆ. ತಟ್ಟನೆ ಹೆಬ್ಬೆರಳಿನಿಂದ ಗೆರೆ ಒರೆಸಿಬಿಟ್ಟಳು.

"ತಪ್ಪು ನಂದ್ರಿ ಕಾಕಾ. ಸ್ಕ್ರೂ ಬಿಗಿ ಮಾಡುವಾಗ ಹಲಗಿ ಸರದೈತಿ."

ನನ್ನ ಮಾನ ಉಳಿಸಲು ತನ್ನ ಮಷೀನನ್ನೇ ಬಿಟ್ಟುಕೊಡುತ್ತಿದ್ದಳು. ನಮ್ಮ ಸುತ್ತಿನ ಮಕ್ತಲ, ಮದ್ದೂರು, ಗುಂಡುಮಾಲ್‌ಗಳಲ್ಲಿ ನಲವತ್ತು ವರ್ಷ ನಾನು ಹಾಕಿದ ಬಾಗಿಲುಗಳೆಲ್ಲ ಕೊಂಚ ವಾರೆಯೇ. ಚೌಕಟ್ಟೂ ಅದೇ ಗುಣಿಯಾದ್ದು, ಬಾಗಿಲೂ ಅದರದ್ದೇ, ಹಾಗಾಗಿ ಜಗಳವಿಲ್ಲದೆ ಹೊಂದಿಕೊಂಡಿದ್ದವು.

"ತಪ್ಪು ಅಕಿದಲ್ಲ," ಎಂದೆ. "ನನ್ನ ಗುಣಿಯಾದ್ದು."

ಮಾಲೀಕ ನಕ್ಕ. "ಹಂಗಾರ ನಮ್ಮನಿ ಬಾಗಲಾನೂ ನೀವ ಹಾಕಿದ್ದಲ್ರಿ ಹಿರಿಯಾರ?"

"ಹೌದು. ಮುಚ್ಚತೈತಿಲ್ಲೋ?"

"ಮುಚ್ಚತೈತ್ರಿ."

"ಮತ್ತೇನು? ಅಕಿಗೆ ಇನ್ನೊಮ್ಮೆ ಮಾಡಾಕ ಬಿಡು."

ಬಿಟ್ಟ. ಈ ಸಲ ಅವಳು ಗುಣಿಯಾ ಮುಟ್ಟಲಿಲ್ಲ. ಹಲಗೆಯ ಒಂದು ತುದಿಯ ಸ್ಕ್ರೂ ಬಿಗಿ ಇಟ್ಟು, ಇನ್ನೊಂದನ್ನು ಸಡಿಲಿಸಿದಳು. ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಕೊಡುವ ಸೊನ್ನೆ ಟಿಕೆಟನ್ನು ಮಡಿಚಿ, ಅದರ ದಪ್ಪದಷ್ಟು ಮಾತ್ರ ಹಲಗೆ ಸರಿಸಿದಳು. ಮಾಲೀಕನಿಂದ ಕೊಯ್ಯಿಸಿ, ಮಗುಚಿ, ಕೂಡಿಸಿದಳು. ಸಂದು ಅರ್ಧವಾಯಿತು. ಟಿಕೆಟಿಗೆ ಇನ್ನೊಂದು ಮಡಿಕೆ. ಅಳತೆಯ ಸಾಮಾನೇ ಇಲ್ಲದೆ, ಕಟ್ಟಿಗೆಯನ್ನೇ ಕೇಳಿ ಕೇಳಿ ಮೂಲೆ ಹುಡುಕಿದಳು. ಇಷ್ಟು ವರ್ಷ ಕಟ್ಟಿಗೆ ಹಿಡಿದ ನನಗೆ ಇದು ಹೊಳೆದಿರಲಿಲ್ಲ.

ಮೂರನೇ ಸಲದ ತುಂಡುಗಳನ್ನು ಮಾಲೀಕ ಕೂಡಿಸಿ ಕಿಟಕಿಗೆ ಹಿಡಿದ. ನಡುವೆ ಬೆಳಕು ಬರಲಿಲ್ಲ. ತಿರುಗಿಸಿ ಹಿಡಿದ, ಆಗಲೂ ಇಲ್ಲ. ಮಷೀನಿನ ಮುಂದಿನಿಂದ ಪಕ್ಕಕ್ಕೆ ಸರಿದ.

"ಗದ್ವಾಲದ್ದು ಇಪ್ಪತ್ತು ತುಂಡು ಅದಾವ. ಸಂಜಿ ಅನ್ನೂದ್ರಾಗ ಆಗ್ಬೇಕು," ಎಂದ.

ಅವಳು ವೇಲು ತೆಗೆದು ನನ್ನ ಹೆಗಲಿಗೆ ಹಾಕಿ, ಮಣೆಗೆ ಎರಡೂ ಕೈ ಕೊಟ್ಟು ನಿಂತಳು. ಮೊದಲ ತುಂಡು ಕೊಯ್ದು ಬಿದ್ದಾಗ ನಾನು ಬಾಗಿಲಲ್ಲಿ ಮುಖ ತುಂಬ ನಗು ಇಟ್ಟುಕೊಂಡು ಕಾದೆ. ನನ್ನ ಕಡೆ ನೋಡಲಿಲ್ಲ. ಅವಳ ಕಣ್ಣು ಗರಗಸದ ಮೇಲಿತ್ತು, ಇರಬೇಕಾದ್ದೂ ಅಲ್ಲೇ.