ಅಜ್ಜಿ ಕದಲಿಸದ ಕೋವಿ

ಆಯುಧಪೂಜೆಗೆ ಇಟ್ಟಿದ್ದ ಕೋವಿಗೆ ಚಿಕ್ಕಪ್ಪ ಕೈ ಹಾಕಿದ. ಅಜ್ಜಿ ಅಡ್ಡ ಬಂದು ನಿಂತಳು.

ಸ್ವಾತಂತ್ರ್ಯ ಬರುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಕೆರಗೋಡಿನ ಹತ್ತಿರ ನಮ್ಮೂರು. ನಾನಿನ್ನೂ ಲಂಗ ಎತ್ತಿ ಕಟ್ಟಿಕೊಂಡು ಓಡಾಡುವ ಹುಡುಗಿ.

ಕಬ್ಬಿಗೆ ನುಗ್ಗುವ ಹಂದಿ ಹೊಡೆಯಲು ಅಂತ ಲೈಸೆನ್ಸ್ ಮಾಡಿಸಿದ್ದ ಕೋವಿ ಅದು. ಅದನ್ನು ಹಿಡಿಯುತ್ತಿದ್ದ ಚಿಕ್ಕಪ್ಪನಿಗೋ ಮೂಗಿನ ತುದಿಯಲ್ಲೇ ಕೋಪ.

ಅವತ್ತು ಪಕ್ಕದ ಗದ್ದೆಯ ಕೆಂಪಣ್ಣ ನಮ್ಮ ಸರದಿಯ ನಾಲೆ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡಿದ್ದ. ಅಷ್ಟಕ್ಕೇ... "ಅವನ್ನ ಇವತ್ತು ಉಳ್ಸಕಿಲ್ಲ" ಅಂತ ಚಿಕ್ಕಪ್ಪ ನಡುಮನೆಗೆ ನುಗ್ಗಿದ್ದ.

ಪೂಜೆಗೆ ಇಟ್ಟಿದ್ದನ್ನು ಮಾರನೇ ದಿನ ಮಂಗಳಾರತಿ ಮಾಡಿ ಅಜ್ಜಿ ಕದಲಿಸುವವರೆಗೆ ನಮ್ಮ ಮನೆಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ನೇಗಿಲು, ಕುಡುಗೋಲು, ಮಚ್ಚು, ಕೋವಿ, ಎಲ್ಲಕ್ಕೂ ಒಂದೇ ನಿಯಮ.

"ಇನ್ನೂ ಕದಲ್ಸಿಲ್ಲ ಕಣ್ಲಾ. ಮುಟ್ಟುದ್ರೆ ನನ್ನ ಎಣ ನೋಡ್ತೀಯ" ಅಂದಳು ಅಜ್ಜಿ.

ಚಿಕ್ಕಪ್ಪ ಅವಳ ಮುಖ ನೋಡಿದ, ಕುಂಕುಮ ಮೆತ್ತಿದ ಕೋವಿ ನೋಡಿದ. ಹಿತ್ತಲಿಗೆ ಹೋಗಿ ಸೌದೆ ರಾಶಿಯಿಂದ ಒಂದು ದೊಣ್ಣೆ ಎಳೆದುಕೊಂಡು ಹೊರಟ.

ಪವಾಡ ಏನೂ ಆಗಲಿಲ್ಲ. ಬಡಿದಾಡಿಕೊಂಡರು. ಚಿಕ್ಕಪ್ಪನ ಹಣೆ ಒಡೆಯಿತು, ಕೆಂಪಣ್ಣನ ಕೈ ಮುರಿಯಿತು. ಇಬ್ಬರೂ ನಡೆದುಕೊಂಡೇ ಅವರವರ ಮನೆ ಸೇರಿದರು.

ಮಾರನೇ ದಿನ ಅಜ್ಜಿ ಎಲ್ಲವನ್ನೂ ಕದಲಿಸಿದಳು, ಕೋವಿ ಒಂದನ್ನು ಬಿಟ್ಟು. ಆಮೇಲೆ ವರ್ಷಗಟ್ಟಲೆ ದಿನಾ ಅದಕ್ಕೊಂದು ಹೂವಿಟ್ಟು ಕೈ ಮುಗಿಯುತ್ತಿದ್ದಳು. ಕೋವಿ ಅಲ್ಲೇ ತುಕ್ಕು ಹಿಡಿಯಿತು.

ಊರ ಜಗಲಿಗಳಲ್ಲೆಲ್ಲ ಅದೇ ಚರ್ಚೆ. ಮುದುಕಿಗೆ ಬುದ್ಧಿ ಇಲ್ಲ ಅಂದವರೇ ಹೆಚ್ಚು. ಕೊಲ್ಲುವವನಿಗೆ ದೊಣ್ಣೆ ಸಾಲದೇ ಅಂತ ಬೇರೆ ಕೇಳುತ್ತಿದ್ದರು.

ಚಿಕ್ಕಪ್ಪನಂತೂ ಊಟಕ್ಕೆ ಕೂತಾಗಲೆಲ್ಲ ಶುರು ಮಾಡುತ್ತಿದ್ದ. "ಅಂದಿ ಬಂದು ಕಬ್ಬೆಲ್ಲಾ ತಿಂದಾಕ್ತಾವೆ ಕಣವ್ವ!"

"ತಿನ್ಲಿ ಬುಡು. ಬುಡ ಇದ್ರೆ ಕಬ್ಬು ಕೂಳೆ ಚಿಗುರ್ತದೆ. ಮನ್ಸ ಚಿಗುರ್ತಾನೇನ್ಲಾ?"

ಆ ವರ್ಷ ಹಂದಿಗಳು ತಿಂದವು ಕೂಡ, ಸುಳ್ಳೇಕೆ ಹೇಳಲಿ. ನಮಗೆಲ್ಲ ಅಜ್ಜಿಯ ಮೇಲೆ ಸಿಟ್ಟೇ ಬಂದಿತ್ತು.

ಈಗ ನನಗೇ ತೊಂಬತ್ತು ಹತ್ತಿರ ಬಂತು. ಮೊಬೈಲ್ ತೆಗೆದರೆ ಎಲ್ಲೋ ಗುಂಡು, ಯಾರ ಮನೆಯದೋ ಹೆಣ... ಕೆಳಗೆ ಕಾಮೆಂಟುಗಳಲ್ಲಿ ನಮ್ಮೂರ ಜಗಲಿಯ ಅದೇ ಮಾತು, ಕೊಲ್ಲುವವನಿಗೆ ಕೈಗೆ ಸಿಕ್ಕಿದ್ದೇ ಆಯುಧ ಅಂತ.

ವಾದ ಮಾಡುವ ಶಕ್ತಿ ನನಗಿಲ್ಲ. ಓದಿ ಓದಿ ಸಾಕಾಗಿದೆ.

ಚಿಕ್ಕಪ್ಪ ಮುಪ್ಪಾಗಿ ತೀರಿಕೊಂಡಾಗ ಹೆಗಲು ಕೊಟ್ಟವರಲ್ಲಿ ಕೆಂಪಣ್ಣನೂ ಇದ್ದ. ಸೊಟ್ಟಗೆ ಕೂಡಿಕೊಂಡಿದ್ದ ಅದೇ ಕೈಯಲ್ಲಿ ಚಟ್ಟ ಹಿಡಿದುಕೊಂಡು ಅಳುತ್ತಾ ನಡೆಯುತ್ತಿದ್ದ.

ಅವತ್ತು ಅಜ್ಜಿ ಕೋವಿ ಮುಟ್ಟಲು ಬಿಟ್ಟಿದ್ದರೆ ಯಾರ ಚಟ್ಟಕ್ಕೆ ಯಾರು ಹೆಗಲು ಕೊಡುತ್ತಿದ್ದರು, ನೀವೇ ಹೇಳಿ?